ಅಕ್ಕ ಖಾಲಿ ಮಾಡಿದ ಟ್ರೇ

ಜಾಗವಿಲ್ಲ, ಜಾಗವಿಲ್ಲ ಎಂದು ನನ್ನ ಮೊಬೈಲು ಮೂರು ದಿನದಿಂದ ಗೋಳಾಡುತ್ತಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಹಳೆಯ ಪ್ರವಾಸದ ಫೋಟೋಗಳನ್ನು ಅಳಿಸಲು ಕೂತೆ. ನೀವೂ ಈ ಕೆಲಸಕ್ಕೆ ಕೈ ಹಾಕಿದ್ದರೆ ನಿಮಗೆ ಗೊತ್ತಿರುತ್ತದೆ, ಒಂದು ಗಂಟೆ ಕಳೆದರೂ ನಾಲ್ಕು ಫೋಟೋ ಹೋಗಿರುವುದಿಲ್ಲ. ಪ್ರತಿಯೊಂದೂ ತಡೆದು ನಿಲ್ಲಿಸಿ ಮಾತಾಡಿಸುತ್ತದೆ. ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಾಗ ಒಂದು ಖಾಲಿ ಟ್ರೇ ಕಣ್ಣಿಗೆ ಬಿತ್ತು. ಬಳಿದು ಬಳಿದು ಹೊಳೆಯುವಂತಾದ ಫಾಯಿಲ್ ಡಬ್ಬಿ, ಅಡಿ ಕಾಣುವ ಮೊಸರಿನ ಕಪ್, ಮಡಿಸಿಟ್ಟ ಬನ್ನಿನ ಕವರು, ನೆಕ್ಕಿದ ಪ್ಲಾಸ್ಟಿಕ್ ಚಮಚ. ಬೆನ್ನ ಹಿಂದಿನಿಂದ ಹೆಂಡತಿ ಬಗ್ಗಿ ನೋಡಿ, "ಅದೊಂದನ್ನ ಮುಟ್ಬೇಡಿ" ಎಂದಳು. ನಾನೇನು ಮುಟ್ಟುವವನಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಫೋಟೋ ತೆಗೆಯುವುದರಲ್ಲಿ ನನಗೆ ಸ್ವಲ್ಪ ಜಂಭವಿತ್ತು. ಬೆಟ್ಟ ಎಲ್ಲಿರಬೇಕು, ಮನುಷ್ಯರು ಎಲ್ಲಿ ನಿಲ್ಲಬೇಕು ಎಂದು ಹತ್ತು ನಿಮಿಷ ಎಲ್ಲರನ್ನೂ ಬಿಸಿಲಲ್ಲಿ ಒಣಗಿಸಿ ಆಮೇಲೆ ಕ್ಲಿಕ್ಕಿಸುತ್ತಿದ್ದೆ. ಇಷ್ಟು ಮಾಡಿದರೂ ನನ್ನ ಫೋಟೋಗಳನ್ನೆಲ್ಲ ಒಬ್ಬಳು ಕೆಡಿಸಿದ್ದಾಳೆ, ನನ್ನ ಅಕ್ಕ ಲಕ್ಷ್ಮಮ್ಮ. ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರಾಗಿದ್ದಳು. ಮೈಸೂರು ಅರಮನೆಯ ಮುಂದೆ ಅವಳ ಬಾಯಲ್ಲಿ ಸೀಬೆಕಾಯಿ. ಅಂತರಗಂಗೆಯ ಮೆಟ್ಟಿಲ ಮೇಲೆ ಚುರುಮುರಿ. ಶಿವಾರಪಟ್ಟಣಕ್ಕೆ ವಿಗ್ರಹ ನೋಡಲು ಹೋದಾಗ, ಅರ್ಧ ಕೆತ್ತಿದ ಗಣಪತಿಯ ಪಕ್ಕದಲ್ಲಿ ನಿಂತು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದಾಳೆ. ಒಂದು ಕ್ಷಣ ಬಾಯಿ ಮುಚ್ಚೇ ಎಂದು ಬೈದರೆ, ಮುಚ್ಚಿಕೊಂಡೇ ಅಗಿಯುತ್ತಿದ್ದಳು.

ಆ ಸಾಲಿನಲ್ಲಿ ಮುಂದೆ ಬರುವುದು ಮಾಲೂರಿನ ಮದುವೆಯ ಫೋಟೋಗಳು. ಎಲೆ ತುಂಬ ಬಡಿಸಿದೆ, ಅಕ್ಕನ ಕೈಯಲ್ಲಿ ನೀರಿನ ಲೋಟ. ಪ್ರತಿ ತುತ್ತಿಗೂ ಒಂದು ಗುಟುಕು ನೀರು ಬೇಕು ಎಂದು ಆವತ್ತೇ ಮೊದಲು ಹೇಳಿದಳು. ಒಂದು ತಿಂಗಳಲ್ಲಿ ನೀರಿದ್ದರೂ ಇಳಿಯದಂತಾಯಿತು. ಕೋಲಾರದ ಡಾಕ್ಟರು ಪರೀಕ್ಷೆ ಮಾಡಿ, ಅನ್ನನಾಳದಲ್ಲಿ ಗಡ್ಡೆಯಿದೆ, ತಡ ಮಾಡಬೇಡಿ ಎಂದರು. ಅಕ್ಕನ ಮಗಳು ಶೋಭಾ ಡೆಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಇಲ್ಲಿ ಬೇಡ, ನನ್ನ ಕಣ್ಣೆದುರಿಗೇ ಆಗಲಿ ಎಂದು ಹಟ ಹಿಡಿದಳು. ಭಾವನಿಗೆ ಮೊಣಕಾಲು ನೋವು, ರೇಷ್ಮೆಹುಳು ಬೇರೆ ಮೇಯುತ್ತಿತ್ತು. ಹಾಗಾಗಿ ಜೊತೆಗೆ ಹೊರಟವನು ನಾನು.

ಎರಡು ದಿನದ ರೈಲು. ನಮ್ಮ ಜನ ರೈಲು ಹತ್ತುವುದೇ ತಿನ್ನುವುದಕ್ಕೆ ಎಂದು ಆಗ ಅರ್ಥವಾಯಿತು. ಎದುರಿನವರು ಪುಳಿಯೋಗರೆ ಬಿಚ್ಚಿದರು, ಪಕ್ಕದವರು ಚಪಾತಿ ಪಲ್ಯ ಬಿಚ್ಚಿದರು. ಅಕ್ಕ ಫ್ಲಾಸ್ಕಿನ ಗಂಜಿನೀರು ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾನು ಬಾತ್‌ರೂಮಿಗೆ ಹೋಗುವ ನೆಪದಲ್ಲಿ ಬಾಗಿಲ ಬಳಿ ನಿಂತು ಕಳ್ಳನ ಹಾಗೆ ಎರಡು ವಡೆ ತಿಂದು ಬಂದೆ. ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳ ಬಾಯಿ ನೋಡಿದವಳು ಅವಳು.

"ಮೀಸೆಗೆ ಚಟ್ನಿ ಅಂಟೈತೆ" ಎಂದಳು. ಆಮೇಲೆ ಮೆತ್ತಗೆ, "ಇನ್ಮೇಲೆ ಇಲ್ಲೇ ಕೂತ್ಕೊಂಡು ತಿನ್ನೋ. ವಾಸನೆಯಾದ್ರೂ ನಂಗೆ ಬರ್ಲಿ."

ಗಡ್ಡೆ ಕೆಟ್ಟದ್ದಲ್ಲ ಎಂದು ಗೊತ್ತಾದ ದಿನ ಶೋಭಾ ಆಸ್ಪತ್ರೆಯ ಕಾರಿಡಾರಿನಲ್ಲೇ ಕೂತು ಅತ್ತಳು. ಆದರೆ ಆಪರೇಶನ್ ದೊಡ್ಡದಾಗಿತ್ತು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಮೂರು ತಿಂಗಳು ಅದರಲ್ಲೇ ಆಹಾರ ಕೊಟ್ಟರು. ಆ ಮೂರು ತಿಂಗಳೂ ನಾನು ಶೋಭಾಳ ಎರಡು ಕೋಣೆಯ ಮನೆಯಲ್ಲಿದ್ದೆ. ಕೊನೆಗೆ ನಳಿಕೆ ತೆಗೆದರು. ದಾರಿ ಸರಿಹೋಗಿದೆ, ಮೆತ್ತಗಿರುವುದನ್ನು ನಿಧಾನಕ್ಕೆ ತಿನ್ನಿ ಎಂದರು ಡಾಕ್ಟರು. ಆಗ ಶುರುವಾಯಿತು ನಿಜವಾದ ಕಷ್ಟ. ದಾರಿ ಸರಿಯಾಗಿತ್ತು, ಹೋಗುವುದಕ್ಕೆ ಅಕ್ಕನಿಗೆ ಧೈರ್ಯವಿರಲಿಲ್ಲ. ಇಡ್ಲಿಯ ಚೂರು ಬಾಯಲ್ಲಿಟ್ಟುಕೊಂಡರೆ ಸಾಕು, ಸಿಕ್ಕಿಕೊಳ್ಳುತ್ತದೆ ಎಂಬ ಹೆದರಿಕೆಗೆ ಬೆವರು ಕಿತ್ತು ಬಂದು ಉಗುಳಿಬಿಡುತ್ತಿದ್ದಳು. ನಾನು ಗದರಿದೆ, ಶೋಭಾ ಬೇಡಿಕೊಂಡಳು. ಅಕ್ಕ ದಿನದಿಂದ ದಿನಕ್ಕೆ ಕಬ್ಬಿನ ಸಿಪ್ಪೆಯಂತೆ ಸೊರಗಿದಳು. ತೂಕ ಇನ್ನೂ ಇಳಿದರೆ ಮತ್ತೆ ನಳಿಕೆಯೇ ಗತಿ ಎಂದು ಡಾಕ್ಟರು ಎಚ್ಚರಿಸಿದರು. ಊರಿಗೆ ಹೋದರೆ ಸರಿಹೋಗಬಹುದು ಎಂದು ಶೋಭಾ ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ಮಾಡಿಸಿದಳು.

ಇಬ್ಬರಿಗೂ ಅದೇ ಮೊದಲ ವಿಮಾನ. ನಾನು ಬೆಲ್ಟು ಹಾಕಿಕೊಳ್ಳಲು ಹೋಗಿ ಪಕ್ಕದ ಸೀಟಿನವರ ಬೆಲ್ಟಿಗೆ ಸಿಕ್ಕಿಸಿಕೊಂಡು, ಅವರನ್ನೂ ನನ್ನನ್ನೂ ಒಟ್ಟಿಗೆ ಕಟ್ಟಿಹಾಕಿದ್ದೆ. ಅವರು ಕೋಟು ಹಾಕಿದ್ದ ದೊಡ್ಡ ಮನುಷ್ಯರು, ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊಟದ ಗಾಡಿ ಬಂತು. ಗಗನಸಖಿ ಕೇಳುವ ಮೊದಲೇ ನಾನು, ನನಗೊಂದು ಸಾಕು, ಅವರಿಗೆ ಬೇಡ ಎಂದು ಕೈಯಾಡಿಸಿದೆ.

"ಯಾಕ್ ಬೇಡ?" ಎಂದಳು ಅಕ್ಕ. "ನನ್ನ ಕೇಳ್ದೇನೋ ನೀನು?"

ಟ್ರೇ ಅವಳ ಮುಂದೆ ಕೂತಿತು. ಅವಳು ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿದಳು. ಒಂದರಲ್ಲಿ ಅನ್ನ, ಒಂದು ಮೂಲೆಯಲ್ಲಿ ದಾಲು, ಪುಟ್ಟ ಕಪ್ಪಿನಲ್ಲಿ ಮೊಸರು, ಬೆರಳಗಲದ ಹಲ್ವ, ಬೆಚ್ಚಗಿನ ಬನ್ನು. ಎಲ್ಲವನ್ನೂ ಬಗ್ಗಿ ಮೂಸಿದಳು. ಅಂಗನವಾಡಿಯ ಮಕ್ಕಳ ತಟ್ಟೆಯ ಹಾಗಿದೆ ಎಂದು ಅವಳಿಗೆ ಖುಷಿಯಾಯಿತಂತೆ, ಎಲ್ಲ ಚಿಕ್ಕ ಚಿಕ್ಕದು, ಯಾವುದೂ ಹೆದರಿಸುವಂಥದ್ದಲ್ಲ. ಇದನ್ನು ಆಮೇಲೆ ಹೇಳಿದಳು. ಆಗ ಸುಮ್ಮನೆ ಬನ್ನಿನ ಒಂದು ಚೂರು ಮುರಿದು ದಾಲಿನಲ್ಲಿ ನೆನೆಸಿ ಬಾಯಿಗಿಟ್ಟುಕೊಂಡಳು.

ಅಗಿದಳು. ಅಗಿಯುತ್ತಲೇ ಇದ್ದಳು. ನಾನು ನನ್ನ ಊಟ ಮರೆತು ಅವಳ ಗಂಟಲನ್ನೇ ನೋಡುತ್ತಿದ್ದೆ. ಹಣೆಯ ಮೇಲೆ ಅದೇ ಬೆವರು ಮೂಡಿತು. ನಾನು ಪೇಪರ್ ನ್ಯಾಪ್‌ಕಿನ್ನು ಹಿಡಿದು ಅವಳ ಬಾಯಿಯ ಹತ್ತಿರ ತಂದೆ, ಉಗುಳಲಿ ಎಂದು. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಕಣ್ಣು ಮುಚ್ಚಿದಳು. ಕತ್ತಿನ ನರ ಒಂದು ಸಲ ಬಿಗಿಯಾಯಿತು.

ಕಣ್ಣು ತೆರೆದು ನನ್ನ ಕಡೆ ನೋಡಿದಳು. "ದಿಗಿಂದಿರಾ" ಎಂದಳು.

ನಮ್ಮ ಮನೆಯಲ್ಲಿ ಮಾತು ಕನ್ನಡವೇ. ಎದೆ ತುಂಬಿದಾಗ ಮಾತ್ರ, ಮುಳಬಾಗಿಲಿನ ನಮ್ಮ ಅಜ್ಜಿಯ ತೆಲುಗು ಹೇಳದೆ ಕೇಳದೆ ಹೊರಗೆ ಬರುತ್ತದೆ. ಇಳೀತು ಕಣೋ ಎನ್ನುವುದನ್ನು ಅವಳು ಆ ಭಾಷೆಯಲ್ಲಿ ಹೇಳಿದಳು. ಉಗುಳಲೆಂದು ಹಿಡಿದಿದ್ದ ನ್ಯಾಪ್‌ಕಿನ್ನಿನಲ್ಲಿ ನಾನು ಅವಳ ಹಣೆ ಒರೆಸಿದೆ.

ಆಮೇಲೆ ನಡೆದದ್ದನ್ನು ಊಟ ಎನ್ನಲು ನನಗೆ ಮನಸ್ಸಿಲ್ಲ, ಅದು ದಂಡಯಾತ್ರೆ. ಬನ್ನು ಮುಗಿಯಿತು. ಮೊಸರು ಮುಗಿಯಿತು. ಅನ್ನವನ್ನು ಹತ್ತು ಹತ್ತು ಅಗುಳಾಗಿ ಗೆದ್ದಳು. ಎಲ್ಲರ ಟ್ರೇ ಎತ್ತಲು ಬಂದ ಗಗನಸಖಿಗೆ ನಾನು ನನ್ನ ಹರಕು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ, ನಾಲ್ಕು ತಿಂಗಳ ಮೇಲೆ ಮೊದಲ ಊಟ ಎಂದು. ಆ ಹುಡುಗಿ ಅಕ್ಕನ ಭುಜ ಮುಟ್ಟಿ, ಅವಸರವಿಲ್ಲ ಎಂದು ಹೋದಳು. ಕೋಟಿನವರು ಆ ಹೊತ್ತಿಗಾಗಲೇ, ಇದೂ ಒಂದು ಊಟವೇ, ರುಚಿಯೇ ಇಲ್ಲ ಎಂದು ಗೊಣಗಿ ಅರ್ಧಕ್ಕೇ ಮುಚ್ಚಿಟ್ಟಿದ್ದರು. ನನ್ನ ಮಾತು ಕಿವಿಗೆ ಬಿದ್ದಿರಬೇಕು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಹಲ್ವದ ಡಬ್ಬಿಯನ್ನು ತೆರೆಯದೆ ಹಾಗೇ ಅಕ್ಕನ ಕಡೆ ಸರಿಸಿದರು. ಅಕ್ಕ ನಾಚಿಕೆಯಿಲ್ಲದೆ ತೆಗೆದುಕೊಂಡಳು. ಆಮೇಲೆ ನನ್ನದನ್ನೂ ಕೇಳಿದಳು. ವಿಮಾನ ಇಳಿಯುವ ಮೊದಲು ಮಡಿಸುವ ಮೇಜು ಮುಚ್ಚಲೇಬೇಕು ಎಂದು ಹೇಳಿದಾಗ ಟ್ರೇಯಲ್ಲಿ ಏನೂ ಉಳಿದಿರಲಿಲ್ಲ. ಆಗ ನಾನು ಫೋಟೋ ತೆಗೆದೆ. ಒಂದು ಮೂಲೆ ಮಂಜಾಗಿದೆ. ಡ್ರಾಯಿಂಗ್ ಮೇಷ್ಟ್ರ ಅತ್ಯುತ್ತಮ ಚಿತ್ರ ಅದೇ.

ಹದಿನೈದು ದಿನ ಬಿಟ್ಟು ಅಕ್ಕನ ಹಳ್ಳಿಗೆ ಹೋದೆ. ಅವರೆಕಾಯಿ ಕಾಲ. ಅಕ್ಕ ತಾನೇ ಕೋಲು ಹಿಡಿದು ಮುದ್ದೆ ತೊಳಸುತ್ತಿದ್ದಳು. ಅವಳಿಗೆ ನುಂಗಲಾಗದ ದಿನದಿಂದ ಭಾವ ಮನೆಯಲ್ಲಿ ಮುದ್ದೆಯನ್ನೇ ಬಿಟ್ಟಿದ್ದರು. ಕೇಳಿದವರಿಗೆಲ್ಲ, ಯಾಕೋ ಜೀರ್ಣ ಆಗ್ತಿಲ್ಲ ಎನ್ನುತ್ತಿದ್ದರು. ಆವತ್ತು ಅಕ್ಕ ನಿಂಬೆಗಾತ್ರದ ಉಂಡೆಯನ್ನು ಅವರೆಕಾಳು ಸಾರಿನಲ್ಲಿ ಹೊರಳಿಸಿ, ಅಗಿಯದೆ, ಮುದ್ದೆಗೆ ಸಲ್ಲುವ ಮರ್ಯಾದೆಯಲ್ಲೇ ನುಂಗಿದಳು. ಭಾವ ಎರಡು ದೊಡ್ಡ ಮುದ್ದೆ ತಿಂದು, ಕೈ ತೊಳೆಯುತ್ತೇನೆಂದು ಹಿತ್ತಲಿಗೆ ಹೋದರು. ಬಹಳ ಹೊತ್ತು ತೊಳೆದರು.

ಇದೆಲ್ಲ ಆಗಿ ಆರು ವರ್ಷ. ಫೋಟೋ ಅಳಿಸಲು ಕೂತ ಭಾನುವಾರ ಕಳೆದು ಬುಧವಾರ ಅಕ್ಕ ನಮ್ಮ ಮನೆಗೆ ಬಂದಳು. ಶೋಭಾಳಿಗೆ ಬಡ್ತಿಯಾಗಿದೆ, ಅಕ್ಕ ಅವಳನ್ನು ನೋಡಲು ವಿಮಾನದಲ್ಲಿ ಹೋಗುತ್ತಿದ್ದಾಳೆ. ಒಬ್ಬಳೇ. ನಾನೂ ಬರುತ್ತೇನೆ ಎಂದದ್ದಕ್ಕೆ, ನೀನು ಬಂದರೆ ನಿನ್ನನ್ನು ನೋಡಿಕೊಳ್ಳುವುದೇ ಒಂದು ಕೆಲಸ ಎಂದಳು. ನನ್ನ ಹೆಂಡತಿ ದಾರಿಗೆ ಚಿತ್ರಾನ್ನ ಕಟ್ಟಲು ಹೋದಾಗ ಅಕ್ಕ ಡಬ್ಬಿಯನ್ನು ಹಿಂದಕ್ಕೆ ಕೊಟ್ಟಳು.

"ಕಟ್ಬೇಡಮ್ಮ, ಇಲ್ಲೇ ಹಾಕು, ತಿನ್ಕೊಂಡೇ ಹೋಗ್ತೀನಿ. ಮೇಲೆ ಹೋದ್ಮೇಲೆ ಅವ್ರು ಕೊಡ್ತಾರೆ."

ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗು ಹೊರಲು ಮಾತ್ರ ನನಗೆ ಅಪ್ಪಣೆಯಾಯಿತು. ಅವಳು ಬೆಂಗಳೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರು ಬಂದು, ಎಲ್ಲಿಗಮ್ಮ ಎಂದು ಕೇಳಿದ್ದು ಕೆಳಗೆ ನಿಂತಿದ್ದ ನನಗೂ ಕೇಳಿಸಿತು.

"ಡೆಲ್ಲಿಗಪ್ಪಾ" ಎಂದಳು ಅಕ್ಕ, ಇಡೀ ಬಸ್ಸಿಗೆ ಕೇಳುವ ಹಾಗೆ. "ನೀನು ಎಲ್ಲಿವರ್ಗೂ ಹೋಗ್ತೀಯೋ ಅಲ್ಲಿವರ್ಗೂ ಕೊಡು."