ಐವತ್ತನೆಯ ಹೂ

ನಾನು ಹೂವುಗಳ ಪಟ್ಟಿ ಇಟ್ಟಿದ್ದೇನೆ ಎಂದರೆ ನೀವು ನಗಬಾರದು. ಬೇರೆಯವರು ಬೀಡಿ ಸೇದುತ್ತಾರೆ; ನಾನು ಎಣಿಸುತ್ತೇನೆ. ಮಡಂತ್ಯಾರಿನ ಬೋರ್ಡು ಶಾಲೆಗೆ ಮೇಷ್ಟ್ರಾಗಿ ಬಂದ ವಾರವೇ, ಬಿಡಾರದಿಂದ ಶಾಲೆಗೆ ಹೋಗುವ ಕಾಡುದಾರಿಯಲ್ಲಿ ಎಷ್ಟು ಬಗೆಯ ಹೂ ಅರಳುತ್ತವೆ ಎಂದು ಲೆಕ್ಕ ಹಿಡಿದೆ. ಒಂದೊಂದನ್ನೂ ಕೊಯ್ದು, ನೋಟುಪುಸ್ತಕದ ಹಾಳೆಗಳ ನಡುವೆ ಒತ್ತಿ, ಕೆಳಗೆ ತಾರೀಕು ಬರೆಯುವುದು. ಐವತ್ತು ಮುಟ್ಟಿಸಬೇಕೆಂಬ ಹಟ.

ಹಳೆಯ ಕಾವ್ಯಗಳ ವಸಂತದಲ್ಲಿ ಮಾವು, ಮಲ್ಲಿಗೆ, ಕೋಗಿಲೆ ತಪ್ಪುವುದಿಲ್ಲ. ಕವಿಗಳೆಲ್ಲ ಸರದಿಯಲ್ಲಿ ಒಂದೇ ತೋಟಕ್ಕೆ ಹೋಗಿ ಬಂದಂತೆ. ನಮ್ಮ ಗುಡ್ಡದ ವಸಂತಕ್ಕೆ ಅಷ್ಟು ಶಿಸ್ತಿಲ್ಲ. ಕೇಪಳ ಕೆಂಪಗೆ ಉರಿಯುವಾಗಲೇ ಬೂರುಗ ತನ್ನ ದಪ್ಪ ಹೂಗಳನ್ನು ದಾರಿಹೋಕರ ತಲೆಗೆ ಹಾಕುತ್ತದೆ. ಸುರಗಿಯ ಪರಿಮಳ ಮೊದಲು ಸಿಗುತ್ತದೆ, ಮರ ಆಮೇಲೆ.

ಫೆಬ್ರವರಿಯಲ್ಲಿ ನನಗೆ ಮೂಡಬಿದ್ರೆಗೆ ವರ್ಗವಾಯಿತು. ಪಟ್ಟಿ ನಲವತ್ತೊಂಬತ್ತರಲ್ಲಿ ನಿಂತಿತ್ತು. ಐವತ್ತನೆಯದಕ್ಕೆ ಒಂದು ಒಳ್ಳೆಕೊಡಿ ಪೊದೆಯನ್ನು ಗುರುತಿಟ್ಟಿದ್ದೆ. ಕಡ್ಡಿಯ ಗಂಟುಗಳಿಗೆ ಅಂಟಿದ ಸಾಸಿವೆಯಷ್ಟು ಮೊಗ್ಗು. ಅರಳಿದರೆ ಒಂದೆರಡು ದಿನದ ಬಾಳು. ಹನ್ನೊಂದು ದಿನ ಕಾದೆ. ಊರು ಬಿಡುವ ಹಿಂದಿನ ದಿನ ಬೆಳಿಗ್ಗೆ ಹೋಗಿ ನೋಡಿದರೆ ಪೊದೆಗೆ ಪೊದೆಯೇ ನೀಲಿ! ಕೈ ಹಾಕಿದೆ.

"ಮಾಷ್ಟ್ರೇ, ಕೈ ತೆಗೆಯಿರಿ!"

ಬಿಡಾರದ ಯಜಮಾನಿ ಕಮಲಕ್ಕ. ಬುತ್ತಿ ಹಿಡಿದು ತವರಿಗೆ ಹೊರಟಿದ್ದರು. "ಇವತ್ತು ಕೆಡ್ಡಸ ಅಲ್ವಾ? ಎಂತ, ನಿಮ್ಮ ಡೈರಿಯಲ್ಲಿ ಅದು ಬರುವುದಿಲ್ವಾ?"

ಬರುವುದಿಲ್ಲ. ನನ್ನದು ಇಂಗ್ಲಿಷ್ ತಾರೀಕಿನ ಡೈರಿ. ಕೆಡ್ಡಸ ತುಳು ತಿಂಗಳ ಲೆಕ್ಕ. ಭೂಮಿತಾಯಿ ಮುಟ್ಟಾಗುವ ಆ ಮೂರು ದಿನ ಮಣ್ಣು ಅಗೆಯಬಾರದು, ಹಸಿರು ಕೊಯ್ಯಬಾರದು. ಬಂಟ್ವಾಳ ಪೇಟೆಯ ಅಂಗಡಿಸಾಲಿನಲ್ಲಿ ಬೆಳೆದ ನನಗೆ ಅದು ತಿನ್ನುವ ಹಬ್ಬವಾಗಿ ಮಾತ್ರ ಗೊತ್ತು.

"ಒಂದೇ ಒಂದು ಕಡ್ಡಿ, ಕಮಲಕ್ಕ. ನಾಳೆ ನಾನು ಹೋಗ್ತೇನಲ್ಲ."

"ನಾಳೆ ಹೋಗುವವರು ಇವತ್ತು ನೋಡಿ ಮಾರಾಯ್ರೆ. ನೋಡ್ಲಿಕ್ಕೆ ಬೇಡ ಅಂತ ಯಾರು ಹೇಳಿದ್ರು?"

"ಪಟ್ಟಿಯಲ್ಲಿ ಒಂದು ಕಡಿಮೆ ಬೀಳ್ತದೆ."

"ಗಿಡಕ್ಕೆ ಎಂತದೂ ಕಡಿಮೆ ಇಲ್ಲ. ನಿಮಗೆ ಮಾತ್ರ." ಬುತ್ತಿ ಬಿಚ್ಚಿ, ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಕಲಸಿದ್ದನ್ನು ನನ್ನ ಅಂಗೈಗೆ ಹಾಕಿ ನಡೆದುಬಿಟ್ಟರು.

ಅವರು ಹೋದ ಮೇಲೆ ಕೊಯ್ಯಬಹುದಿತ್ತು. ಸುಳ್ಳೇಕೆ, ಅವರು ತಿರುವು ದಾಟಿದರೇ ಎಂದು ಇಣುಕಿಯೂ ನೋಡಿದೆ. ಆದರೆ ಬಾಯಲ್ಲಿ ಕಮಲಕ್ಕನ ಬೆಲ್ಲವಿತ್ತು. ಕಲ್ಲಿನ ಮೇಲೆ ಕುಳಿತೆ. ಬೇರೆ ಕೆಲಸವಿಲ್ಲದೆ ಹೂವಿಗೆ ಬರುವ ಜೇನ್ನೊಣಗಳನ್ನು ಎಣಿಸಿದೆ. ಹದಿನೇಳರಾಚೆ ಲೆಕ್ಕ ತಪ್ಪಿತು. ನೀಲಿ ಎಂದುಕೊಂಡದ್ದು ಬಿಸಿಲು ಏರಿದಾಗ ನೇರಳೆಯ ಕಡೆಗೆ ವಾಲಿತು. ಶಾಲೆಯ ಗಂಟೆ ಕೇಳಿಸಿದಾಗಲೇ ನಾನು ಎದ್ದದ್ದು.

ಈಗ ಮೂಡಬಿದ್ರೆಯಲ್ಲಿದ್ದೇನೆ. ಐವತ್ತನೆಯ ಹಾಳೆಯಲ್ಲಿ ಒತ್ತಲು ಏನೂ ಇಲ್ಲದ್ದರಿಂದ "ಕುಳಿತು ನೋಡಿದ್ದು" ಎಂದು ಬರೆದೆ. ಎಲ್ಲ ಹಾಳೆಗಳೂ ಒಂದೇ ಕ್ರಮದಲ್ಲಿರಲಿ ಎಂದು ಹಿಂದಿನವಕ್ಕೂ ಅದೇ ಮಾತು ಬರೆಯಲು ಹೊರಟರೆ ಪೆನ್ನು ಮುಂದಕ್ಕೆ ಹೋಗದು. ಪ್ರಾಮಾಣಿಕವಾಗಿ ಬರೆಯಲಾದದ್ದು ಮೂರು ಹೂಗಳ ಕೆಳಗೆ ಮಾತ್ರ. ನಲವತ್ತಾರು ಬಾಕಿ. ಪುಣ್ಯಕ್ಕೆ ಈ ಊರಿನ ಸುತ್ತಲೂ ಗುಡ್ಡಗಳುಂಟು, ಕೇಪಳ ಇನ್ನೂ ಅರಳುತ್ತಿದೆ, ನಾಳೆ ಆದಿತ್ಯವಾರ.