ಬಂದೂಕಿನ ಅಭಯಾರಣ್ಯ

ಡಾಕ್ಟರ್ ಅಂಕಲ್ ಅವರ ಬೆರಳ ಗೆಣ್ಣುಗಳು ಸದಾ ಒಡೆದು ಬೆಳ್ಳಗಾಗಿರುತ್ತಿದ್ದವು. ಎಮರ್ಜೆನ್ಸಿ ವಾರ್ಡಿನಲ್ಲಿ ವರ್ಷಗಟ್ಟಲೆ ಸೋಪಿನಿಂದ ಉಜ್ಜಿ ತೊಳೆದ ಕೈಗಳು. ನಿವೃತ್ತರಾಗಿ ಶಿಕಾಗೋ ಬಳಿಯ ಡೌನರ್ಸ್ ಗ್ರೋವ್‌ಗೆ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಭಾನುವಾರ ಪಕ್ಕದೂರು ಲೊಂಬಾರ್ಡಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಯಾರಾದರೂ ಒತ್ತಕ್ಷರ ತಪ್ಪಿದರೆ ಬೈಯುತ್ತಿರಲಿಲ್ಲ, "ಬಾ, ಇದಕ್ಕೊಂದು ಹೊಲಿಗೆ ಹಾಕೋಣ" ಎನ್ನುತ್ತಿದ್ದರು.

ಒಂದು ದಿನ ನನ್ನ ಮಗಳು ಹೈವೇ ಪಕ್ಕದ ಬೋರ್ಡಿನಲ್ಲಿ ಓದಿದ್ದನ್ನು ಕೇಳಿದಳು: "ಅಂಕಲ್, ವಾಟ್ ಈಸ್ ಎ ಸೆಕೆಂಡ್ ಅಮೆಂಡ್‌ಮೆಂಟ್ ಸ್ಯಾಂಕ್ಚುವರಿ?"

"ಸೆಕೆಂಡ್ ಅಮೆಂಡ್‌ಮೆಂಟ್ ಅಂದ್ರೆ ಇಲ್ಲಿನ ಸಂವಿಧಾನ ಕೊಟ್ಟಿರೋ ಬಂದೂಕು ಇಟ್ಕೊಳ್ಳೋ ಹಕ್ಕು ಪುಟ್ಟಿ. ಸ್ಯಾಂಕ್ಚುವರಿ ಅಂದ್ರೆ ಹೆದರಿ ಓಡಿ ಬಂದೋರಿಗೆ ಆಶ್ರಯ. ವಲಸೆ ಬಂದೋರನ್ನ ಹಿಡಿದುಕೊಡಲ್ಲ ಅಂದ ಊರುಗಳು ಆ ಹೆಸರು ಇಟ್ಕೊಂಡಿದ್ವು. ಅದನ್ನೇ ಬಂದೂಕಿನವರು ಎತ್ಕೊಂಡ್ರು, ಬಂದೂಕಿಗೆ ಕಡಿವಾಣ ಹಾಕೋ ಹೊಸ ಕಾನೂನು ಬಂದ್ರೆ ನಮ್ಮ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ, ಜಾರಿ ಮಾಡಲ್ಲ ಅಂತ. ಕನ್ನಡದಲ್ಲಿ ಅಭಯಾರಣ್ಯ ಅಂತೀವಲ್ಲ, ಅಲ್ಲಿಗೆ ಬಂದೂಕು ತರೋ ಹಾಗೇ ಇಲ್ಲ!" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಕ್ಲಾಸ್ ಮುಗಿದ ಮೇಲೆ, ಪಾರ್ಕಿಂಗ್ ಲಾಟಿನಲ್ಲಿ, ನನಗೆ ಅದರ ಕಾರಣ ಹೇಳಿದರು. ಅವರು ಕೆಲಸ ಮಾಡುತ್ತಿದ್ದ ದಕ್ಷಿಣ ಇಲಿನಾಯ್‌ನ ಸಣ್ಣ ಊರಿನಲ್ಲಿ ಹುಡುಗನೊಬ್ಬ ಅಪ್ಪನ ಪಿಸ್ತೂಲು ಹಿಡಿದು ಆಡುವಾಗ ಗುಂಡು ಹಾರಿ, ಇವರ ಕೈಯಲ್ಲೇ ಪ್ರಾಣ ಬಿಟ್ಟಿದ್ದ. ಮುಂದೆ ಆ ಕೌಂಟಿಯೂ ತಾನು ಸ್ಯಾಂಕ್ಚುವರಿ ಎಂದು ಘೋಷಿಸಿಕೊಳ್ಳಲು ಸಭೆ ಕರೆಯಿತು. ವಿರೋಧಿಸಿ ಮಾತಾಡುತ್ತೇನೆಂದು ಅಂಕಲ್ ಹುಡುಗನ ಅಪ್ಪನಿಗೆ ಮಾತು ಕೊಟ್ಟಿದ್ದರು. ಆ ತಂದೆ ಮುಂದಿನ ಸಾಲಿನಲ್ಲೇ ಕುಳಿತು ಇವರನ್ನೇ ನೋಡುತ್ತಿದ್ದರಂತೆ.

"ಮೈಕ್ ಮುಂದೆ ನಿಂತೆ. ಹಾಲ್ ತುಂಬ ನನ್ನ ಪೇಷಂಟ್‌ಗಳೇ. ಆಸ್ಪತ್ರೆ ರಸ್ತೇಲಿ ಸ್ನೋ ಬೇಗ ತೆಗೆಸ್ತೀರಿ, ಥ್ಯಾಂಕ್ಸ್ ಅಂದು ಕೂತ್ಬಿಟ್ಟೆ ಕಣಮ್ಮ."

"ಹೋಗ್ಲಿ ಬಿಡಿ ಅಂಕಲ್. ನೀವೊಬ್ರು ಮಾತಾಡಿದ್ರೆ ವೋಟು ಬದಲಾಗ್ತಿತ್ತಾ?"

"ಇಲ್ಲ. ಆದ್ರೆ ಆ ಮನುಷ್ಯ ಅಲ್ಲಿ ಒಂಟಿ ಆಗ್ತಿರಲಿಲ್ಲ."

ಮುಖ ಕೊಡದೆ ಕಾರು ಹತ್ತಿದರು. ಅಷ್ಟು ಸುಲಭವಾಗಿ ಸಮಾಧಾನ ಹೇಳಿದ್ದಕ್ಕೆ ನನಗೂ ನಾಚಿಕೆಯಾಯಿತು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದ ನಮ್ಮವರ ನಡುವೆ ಬಿಳಿಯರೊಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಯಾರೆಂದು ವಿಚಾರಿಸಿದೆ. ಆ ಹುಡುಗನ ಅಪ್ಪ. ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು.

"ಪ್ರತಿ ವರ್ಷ ಮಗನ ಹುಟ್ಟುಹಬ್ಬದ ದಿನ ಡಾಕ್ಟರ್ ಕಾರು ನಮ್ಮ ಮನೆಯೆದುರು ಬಂದು ನಿಲ್ಲುತ್ತಿತ್ತು," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಅವರು ಇಳಿಯುತ್ತಿರಲಿಲ್ಲ. ನಾನೂ ಕಿಟಕಿಯಿಂದ ನೋಡಿ ಸುಮ್ಮನಾಗುತ್ತಿದ್ದೆ. ಒಂದು ಸಲವಾದರೂ ಒಳಗೆ ಕರೆಯಬೇಕಿತ್ತು."