ಹಸಿರು ಅಂಗಿಯ ಹುಡುಗನ ವಯಸ್ಸು

ನಾನು ಕಲಿತ ಇಂಗ್ಲಿಷಿನಿಂದ ಯಾರಿಗಾದರೂ ಉಪಕಾರವಾಗಿದೆಯೋ ಇಲ್ಲವೋ ತಿಳಿಯದು. ಒಬ್ಬರಿಗೆ ಅಪಕಾರವಾದದ್ದು ಮಾತ್ರ ಖಂಡಿತ. ಅವರು ನಮ್ಮ ಅತ್ತೆ, ಅಪ್ಪನ ಅಕ್ಕ.

ಹೊಸನಗರದಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಸಾಮಾನು ಕಟ್ಟಿಕೊಡಲು ಅಪ್ಪ ಸಾಗರದಿಂದ ಹಳೇ ಪೇಪರಿನ ಕಟ್ಟು ತರಿಸುತ್ತಿದ್ದರು. ಶರಾವತಿ ಅಣೆಕಟ್ಟಿನ ಕೆಲಸ ಮುಗಿದು ಎಂಜಿನಿಯರುಗಳು ಬೇರೆ ಊರಿಗೆ ಹೊರಟ ಕಾಲ. ಅವರಲ್ಲಿ ಯಾರ ಮನೆಯದೋ ಏನೋ, ಒಂದು ಕಟ್ಟಿನಲ್ಲಿ ಬಣ್ಣದ ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳು ಬಂದವು. ಆ ಮನೆಯ ದೊಡ್ಡವರ ಕಾಲದವೂ ಮಕ್ಕಳ ಕಾಲದವೂ ಸೇರಿಹೋಗಿದ್ದವು. ಎಲ್ಲದರಲ್ಲೂ ಒಬ್ಬನೇ ಹುಡುಗ. ಹಸಿರು ಅಂಗಿ, ಎದೆಯ ಮೇಲೆ ಸೂರ್ಯನ ಚಿತ್ರ. ಆಕಾಶದಲ್ಲಿ ಹಾರುತ್ತಾನೆ, ಒಂದೇ ಕೈಯಲ್ಲಿ ರೈಲು ನಿಲ್ಲಿಸುತ್ತಾನೆ. ಅಪ್ಪ ಹರಿಯಲು ಕೂತರೆ ಅತ್ತೆ ಬಿಡಲಿಲ್ಲ. ಅಷ್ಟನ್ನೂ ಮಡಿಲಿಗೆ ತುಂಬಿಕೊಂಡು ಒಳಗೆ ಹೋದರು.

ಅತ್ತೆಗೆ ಒಬ್ಬನೇ ಮಗನಿದ್ದ. ಹದಿನೈದನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಅವನದೊಂದು ಫೋಟೊ ಕೂಡ ಇರಲಿಲ್ಲ. ಗಂಡ ಮೊದಲೇ ಹೋಗಿದ್ದರಿಂದ ಅತ್ತೆ ನಮ್ಮಲ್ಲಿಗೇ ಬಂದು ಉಳಿದಿದ್ದರು. ಮನೆಯಲ್ಲಿ ಯಾರೂ ಆ ಹುಡುಗನ ಹೆಸರೆತ್ತುತ್ತಿರಲಿಲ್ಲ. ಅದೇ ದೊಡ್ಡ ಉಪಕಾರ ಎಂದು ನಾವು ತಿಳಿದಿದ್ದೆವು.

ಹಸಿರು ಅಂಗಿಯವನು ಎಲ್ಲ ಪುಸ್ತಕದಲ್ಲೂ ಒಂದೇ ಥರ ಇರಲಿಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದಿರಬೇಕು. ಕೆಲವದರಲ್ಲಿ ಉಬ್ಬಿದ ಕೆನ್ನೆ, ಚಡ್ಡಿ, ಜೊತೆಗೊಂದು ನಾಯಿ. ಕೆಲವದರಲ್ಲಿ ಕಡ್ಡಿಯ ಹಾಗೆ ಸಪೂರ, ಹಣೆ ಮುಚ್ಚಿದ ಕೂದಲು. ಎತ್ತರದ ಕಟ್ಟಡದ ತಾರಸಿಯಲ್ಲಿ ಒಬ್ಬನೇ ಕೂತು ಅಳುತ್ತಾನೆ. ಇನ್ನು ಕೆಲವದರಲ್ಲಿ ಅಗಲ ಎದೆ, ಗಟ್ಟಿ ದವಡೆ, ಬಾಯಿ ತುಂಬ ನಗು. ಅತ್ತೆಗೆ ಓದಲು ಬಾರದು. ಆದರೂ ಮುಖ ನೋಡಿಯೇ ಸಾಲಾಗಿ ಜೋಡಿಸಿದರು. ಮೊದಲು ನಾಯಿಯ ಜೊತೆಗಿರುವವನು, ಆಮೇಲೆ ಸಪೂರದವನು, ಕೊನೆಗೆ ಎದೆ ಅಗಲವಾದವನು.

"ಗಂಡುಹುಡುಗ್ರು ಈ ವಯಸ್ಸಲ್ಲಿ ಹಿಂಗೇ ಸೊರಗ್ತಾವೆ ಮಾರಾಯ್ತಿ. ಆಮೇಲೆ ನೋಡು, ಹೆಂಗೆ ಮೈ ತುಂಬ್ಕೊಂಡ!" ಎನ್ನುತ್ತಿದ್ದರು.

ದಿನವೂ ಮಧ್ಯಾಹ್ನ ಒಂದೊಂದೇ ತೆಗೆದು ನೋಡುವರು. ಕೊನೆಯದಕ್ಕೆ ಬಂದಾಗ, "ಇವನಿಗಿನ್ನು ಹುಡುಗಿ ನೋಡ್ಬೇಕು" ಎಂದು ನಕ್ಕರು. ಅವರು ನಕ್ಕಿದ್ದನ್ನು ಎಷ್ಟೋ ವರ್ಷದ ಮೇಲೆ ಕೇಳಿದ ಅಮ್ಮ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ನಾನು ತೀರ್ಥಹಳ್ಳಿಯಲ್ಲಿ ನೆಂಟರ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗತೊಡಗಿದೆ. ದಸರಾ ರಜೆಗೆ ಬಂದವಳಿಗೆ ನಾಲ್ಕಕ್ಷರ ಕಲಿತ ಕೊಬ್ಬು. ಪುಸ್ತಕಗಳ ಮೇಲಿದ್ದ ಇಸವಿ ನೋಡಿದೆ.

"ಅತ್ತೆ, ನೀವು ಜೋಡಿಸಿದ್ದು ಪೂರಾ ತಪ್ಪು. ಈ ದಪ್ಪ ಎದೆಯವನೇ ಎಲ್ಲಕ್ಕಿಂತ ಹಳಬ, ನಾನು ಹುಟ್ಟೋಕೂ ಮುಂಚಿನವ. ನಾಯಿ ಇರೋನು ಆಮೇಲೆ. ಈ ಸಣಕಲ ಈಗಿನವ."

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಒಂದೊಂದೇ ಪುಸ್ತಕದ ಮೊದಲ ಪುಟ ತೆರೆದು, ಹುಡುಗನಿಗೆ ಹದಿನೈದು ವರ್ಷ ಎಂದು ಅಚ್ಚಾಗಿದ್ದ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಎಲ್ಲದರಲ್ಲೂ ಅಷ್ಟೇ ಇತ್ತು.

"ಹಂಗಾರೆ ಇವ ದೊಡ್ಡೋನೇ ಆಗ್ಲಿಲ್ವಾ?" ಅಂದರು ಅತ್ತೆ.

"ಇಲ್ಲ, ಇಪ್ಪತ್ತು ವರ್ಷದಿಂದ ಹದಿನೈದೇ!" ಎಂದು ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅತ್ತೆ ಸಿಟ್ಟಾಗಲಿಲ್ಲ. "ಗೊತ್ತಿತ್ತು ಕಣೇ. ನಾಲ್ಕು ದಿನ ಮರ್ತಿದ್ದೆ, ಅಷ್ಟೇ" ಅಂದರು. ಆಮೇಲೆ, "ಹೆಂಗಿರ್ಬೇಕೋ ಹಂಗೇ ಜೋಡ್ಸಿಡು" ಎಂದು ಪುಸ್ತಕಗಳನ್ನು ನನ್ನ ಕಡೆ ಸರಿಸಿದರು.

ಇಸವಿ ನೋಡಿ ಜೋಡಿಸಿದೆ. ನಗುವವನು ಎಲ್ಲರಿಗಿಂತ ಮೊದಲಿಗೆ ಹೋದ. ತಾರಸಿಯಲ್ಲಿ ಕೂತು ಅಳುವವನು ಕೊನೆಗೆ ಬಂದ.